ಕೊಂಡು ತಂದ ಪ್ರಾಜೆಕ್ಟಿಗಿಂತ ಸ್ವತಃ ಮಾಡಿದ ಬೋರ್ಡು ಲೇಸು

ಎಲೆಕ್ಟ್ರಾನಿಕ್ಸ್ ಓದುವ ಮಗನೋ ಮಗಳೋ ಇರುವ ಮನೆಯಲ್ಲಿ ಕೊನೆಯ ಸೆಮಿಸ್ಟರ್ ಬಂತೆಂದರೆ ಒಂದು ಮಾತು ಬಂದೇ ಬರುತ್ತದೆ: “ಪ್ರಾಜೆಕ್ಟಿಗೆ ದುಡ್ಡು ಬೇಕು.” ಹೆತ್ತವರು ಹೇಗೋ ಹೊಂದಿಸಿ ಕೊಡುತ್ತಾರೆ. ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಎಷ್ಟೋ ಸಲ ಅದು ಹೋಗುವುದು ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗೆ. ಅಲ್ಲಿ ಬೋರ್ಡು ಸಿದ್ಧ, ವರದಿ ಸಿದ್ಧ, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರವೂ ಸಿದ್ಧ. ವಿದ್ಯಾರ್ಥಿ ಅದರ ಮೇಲೆ ತನ್ನ ಹೆಸರು ಹಾಕಿ ಒಪ್ಪಿಸಿದರೆ ಅಂಕಗಳೂ ಬರುತ್ತವೆ.

ಆದರೆ ಕೆಲಸದ ಸಂದರ್ಶನದಲ್ಲಿ ಎದುರು ಕುಳಿತವರು ಅದೇ ಬೋರ್ಡನ್ನು ಕೈಯಲ್ಲಿ ಹಿಡಿದು, “ಈ ರೆಸಿಸ್ಟರನ್ನು ಇಲ್ಲಿ ಯಾಕೆ ಹಾಕಿದ್ದೀರಿ?” ಎಂದು ಕೇಳಿದಾಗ ನಾಲಿಗೆ ಏಳುವುದಿಲ್ಲ. ಮೂರು ನಾಲ್ಕು ವರ್ಷದ ಓದು ಆ ಒಂದು ಪ್ರಶ್ನೆಯ ಮುಂದೆ ಕುಸಿಯುತ್ತದೆ.

ಇದನ್ನು ಬರೀ ಸೋಮಾರಿತನ ಎನ್ನುವುದು ಸರಿಯಲ್ಲ. ಪುಸ್ತಕದಲ್ಲಿರುವ ಸರ್ಕ್ಯೂಟಿನ ಚಿತ್ರ ಕೈಯಲ್ಲಿ ಹಿಡಿಯುವ ಬೋರ್ಡು ಆಗುವವರೆಗಿನ ದಾರಿಯನ್ನು ಅನೇಕ ಮಕ್ಕಳಿಗೆ ಯಾರೂ ತೋರಿಸಿಯೇ ಇರುವುದಿಲ್ಲ. ಹಿಂದೆ ಆ ದಾರಿ ದುಬಾರಿಯೂ ಆಗಿತ್ತು. ಇಂದು ಹಾಗಿಲ್ಲ. ಒಂದು ಸಾಧಾರಣ ಕಂಪ್ಯೂಟರ್, ಉಚಿತವಾಗಿ ಸಿಗುವ ಸಾಫ್ಟ್‌ವೇರ್, ಸ್ವಲ್ಪ ತಾಳ್ಮೆ ಇದ್ದರೆ ಹತ್ತನೇ ತರಗತಿಯ ಹುಡುಗಿಯೂ ತನ್ನದೇ ಬೋರ್ಡು ವಿನ್ಯಾಸ ಮಾಡಿ ಕಾರ್ಖಾನೆಯಿಂದ ಮಾಡಿಸಿಕೊಳ್ಳಬಹುದು. ಆ ದಾರಿ ಹೇಗಿದೆ ಎಂದು ಇಲ್ಲಿ ನೋಡೋಣ.

ಹಸಿರು ಹಲಗೆಯೊಳಗೆ ಏನಿದೆ?

ಕೆಟ್ಟ ಮೊಬೈಲ್ ಚಾರ್ಜರನ್ನೋ ಹಳೆಯ ರಿಮೋಟನ್ನೋ ಬಿಚ್ಚಿ ನೋಡಿ. ಒಳಗೆ ಒಂದು ಹಲಗೆ, ಅದರ ಮೇಲೆ ಚಿಕ್ಕ ಚಿಕ್ಕ ಬಿಡಿಭಾಗಗಳು ಕಾಣುತ್ತವೆ. ಆ ಹಲಗೆಯೇ ಪಿಸಿಬಿ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಎಂಬ ಅಂಟು ಕುಡಿಸಿ ಗಟ್ಟಿಮಾಡಿದ ಹಾಳೆ ಅದು. ಈ ವಸ್ತುವಿಗೆ ಎಫ್‌ಆರ್-4 ಎಂದು ಹೆಸರು. ಸಾಮಾನ್ಯವಾಗಿ ಅದರ ದಪ್ಪ 1.6 ಮಿಲಿಮೀಟರ್. ಅದಕ್ಕೆ ಅಂಟಿಸಿದ ತಾಮ್ರದ ತೆಳುಪದರ ಕೇವಲ 35 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಮೂವತ್ತರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು.

ಬೇಡವಾದ ಕಡೆ ತಾಮ್ರವನ್ನು ತೆಗೆದುಹಾಕಿದಾಗ ಉಳಿದ ಗೆರೆಗಳೇ ತಂತಿಗಳಾಗುತ್ತವೆ. ಈ ಗೆರೆಗಳಿಗೆ ಟ್ರ್ಯಾಕ್ ಎನ್ನುತ್ತಾರೆ. ವಿನ್ಯಾಸ ಮಾಡುವುದು ಎಂದರೆ ಯಾವ ಬಿಡಿಭಾಗ ಎಲ್ಲಿ ಕೂರಬೇಕು, ಯಾವ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎರಡು ಗೆರೆಗಳ ನಡುವೆ ಎಷ್ಟು ಅಂತರ ಇರಬೇಕು ಎಂದು ತೀರ್ಮಾನಿಸುವುದು.

ಕಂಪ್ಯೂಟರ್ ಬಳಕೆಗೆ ಬರುವ ಮೊದಲು ಈ ಕೆಲಸವನ್ನು ಕೈಯಿಂದಲೇ ಮಾಡುತ್ತಿದ್ದರು. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪನ್ನು ನಿಜವಾದ ಅಳತೆಯ ಎರಡು ಅಥವಾ ನಾಲ್ಕು ಪಟ್ಟು ದೊಡ್ಡದಾಗಿ ಅಂಟಿಸಿ, ಆಮೇಲೆ ಅದರ ಫೋಟೊ ತೆಗೆದು ಕಿರಿದುಗೊಳಿಸುತ್ತಿದ್ದರು. ಕಾಲೇಜು ಲ್ಯಾಬುಗಳಲ್ಲಿ ತಾಮ್ರದ ಹಾಳೆಯ ಮೇಲೆ ಬಣ್ಣದಿಂದಲೋ ಮಾರ್ಕರ್ ಪೆನ್ನಿನಿಂದಲೋ ಗೆರೆ ಎಳೆದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಬಣ್ಣ ಹಚ್ಚಿದ ಕಡೆ ತಾಮ್ರ ಉಳಿಯುತ್ತಿತ್ತು, ಉಳಿದದ್ದು ಕರಗುತ್ತಿತ್ತು. ಒಂದು ಗೆರೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ಹೀಗಾಗಿ ವಿದ್ಯಾರ್ಥಿಗೆ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶವೇ ಸಿಗುತ್ತಿರಲಿಲ್ಲ. ಸಾಫ್ಟ್‌ವೇರ್ ತಂದುಕೊಟ್ಟ ದೊಡ್ಡ ಉಪಕಾರ ಇದೇ: ಪರದೆಯ ಮೇಲೆ ನೂರು ಸಲ ತಪ್ಪು ಮಾಡಬಹುದು, ಒಂದು ಪೈಸೆಯೂ ಖರ್ಚಾಗುವುದಿಲ್ಲ.

ತರಗತಿಯಲ್ಲೇ ಹುಟ್ಟಿದ ಉಪಕರಣಗಳು

ಈ ಕ್ಷೇತ್ರದ ಎರಡು ಮುಖ್ಯ ಸಾಫ್ಟ್‌ವೇರ್‌ಗಳ ಬೇರು ಇರುವುದು ಪಾಠ ಹೇಳುವವರ ಬಳಿಯಲ್ಲೇ ಎಂಬುದು ನಮ್ಮ ಶಿಕ್ಷಕರು ಗಮನಿಸಬೇಕಾದ ಸಂಗತಿ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ 1969-70ರ ಸಾಲಿನಲ್ಲಿ ರೊನಾಲ್ಡ್ ರೋರರ್ ಎಂಬ ಪ್ರಾಧ್ಯಾಪಕರು ತಮ್ಮ ತರಗತಿಗೆ ಒಂದು ವಿಚಿತ್ರ ಷರತ್ತು ಹಾಕಿದರು. ಸರ್ಕ್ಯೂಟ್ ಹೇಗೆ ವರ್ತಿಸುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಮನ್ನು ವಿದ್ಯಾರ್ಥಿಗಳು ಸೇರಿ ಬರೆಯಬೇಕು. ಹಿರಿಯ ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್ ಅದನ್ನು ಒಪ್ಪಿದರೆ ಎಲ್ಲರೂ ಪಾಸು. ಆ ತರಗತಿಯಲ್ಲಿದ್ದ ಲಾರೆನ್ಸ್ ನೇಗಲ್ ಮುಂದೆ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಆ ಕೆಲಸವನ್ನು ಬೆಳೆಸಿದರು. 1973ರಲ್ಲಿ ‘ಸ್ಪೈಸ್’ ಎಂಬ ಹೆಸರಿನಲ್ಲಿ ಅದು ಜಗತ್ತಿನ ಮುಂದೆ ಬಂತು. ಪೆಡರ್ಸನ್ ಅದನ್ನು ಕೇಳಿದವರಿಗೆಲ್ಲ ಹಂಚಿದರು. ಇಂದು ಸರ್ಕ್ಯೂಟ್ ಪರೀಕ್ಷಿಸುವ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಇದೇ ಸ್ಪೈಸ್‌ನ ಸಂತತಿ.

ಎರಡನೆಯದು ‘ಕೀಕ್ಯಾಡ್’. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಾಠ ಹೇಳುತ್ತಿದ್ದ ಜಾನ್-ಪಿಯೆರ್ ಶಾರಾ 1992ರಲ್ಲಿ ಅದನ್ನು ಆರಂಭಿಸಿದರು. ಜಿನೀವಾ ಬಳಿಯ ಪ್ರಖ್ಯಾತ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ 2013ರಿಂದ ಇದರ ಬೆಳವಣಿಗೆಗೆ ಕೈಜೋಡಿಸಿತು. ಸರ್ಕ್ಯೂಟಿನ ನಕ್ಷೆಯಿಂದ ಹಿಡಿದು ಕಾರ್ಖಾನೆಗೆ ಕಳುಹಿಸುವ ಕಡತದವರೆಗೆ ಎಲ್ಲವನ್ನೂ ಇದರಲ್ಲಿ ಮಾಡಬಹುದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಶುಲ್ಕವಿಲ್ಲ, ಅವಧಿ ಮುಗಿಯುವ ಪರವಾನಗಿಯಿಲ್ಲ, ಇದರಿಂದ ಮಾಡಿದ ವಸ್ತುವನ್ನು ಮಾರುವುದಕ್ಕೂ ಅಡ್ಡಿಯಿಲ್ಲ.

ಈ ಕೊನೆಯ ಮಾತನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕು. ದುಬಾರಿ ಸಾಫ್ಟ್‌ವೇರ್‌ನ ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳುವುದು ವಿದ್ಯಾರ್ಥಿಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ ಅದು ತಪ್ಪೆಂದೇ ಅನಿಸುವುದಿಲ್ಲ. ಕಂಪ್ಯೂಟರಿಗೆ ವೈರಸ್ ಅಂಟುವುದೂ ಹಾಗೆಯೇ. ಯಾರ ಹಕ್ಕನ್ನೂ ಕಸಿಯದೆ ಕಲಿಯುವ ದಾರಿ ತೆರೆದಿರುವಾಗ ಕಳ್ಳದಾರಿ ಯಾಕೆ?

ಒಂದು ಮಿನುಗುವ ದೀಪ: ಹಂತ ಹಂತವಾಗಿ

ಒಂದು ಸಣ್ಣ ಉದಾಹರಣೆಯ ಮೂಲಕ ಪೂರ್ತಿ ದಾರಿಯನ್ನು ನಡೆದು ನೋಡೋಣ. ಸೆಕೆಂಡಿಗೆ ಒಮ್ಮೆ ಮಿನುಗುವ ಎಲ್‌ಇಡಿ ದೀಪ ಮಾಡಬೇಕು. ಇದಕ್ಕೆ ಹೇಳಿಮಾಡಿಸಿದ್ದು ‘555’ ಎಂಬ ಟೈಮರ್ ಐಸಿ. ಹ್ಯಾನ್ಸ್ ಕಾಮೆನ್‌ಜಿಂಡ್ ವಿನ್ಯಾಸ ಮಾಡಿದ ಈ ಐಸಿ 1972ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಕೆಲವೇ ರೂಪಾಯಿಗೆ ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಎಂಟು ಕಾಲುಗಳಿವೆ, 9 ವೋಲ್ಟಿನ ಬ್ಯಾಟರಿ ಸಾಕು.

*ಮೊದಲು ಲೆಕ್ಕ.* ದೀಪ ಎಷ್ಟು ಬೇಗ ಮಿನುಗಬೇಕು ಎಂಬುದನ್ನು ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿ ನಿರ್ಧರಿಸುತ್ತವೆ. ಎರಡನೇ ರೆಸಿಸ್ಟರನ್ನು ಎರಡು ಪಟ್ಟು ಮಾಡಿ ಮೊದಲನೆಯದಕ್ಕೆ ಕೂಡಿಸಿ, ಕೆಪಾಸಿಟರಿನಿಂದ ಗುಣಿಸಿ, ಬಂದದ್ದರಿಂದ 1.44ನ್ನು ಭಾಗಿಸಬೇಕು. 10 ಕಿಲೋಓಮ್, 68 ಕಿಲೋಓಮ್, 10 ಮೈಕ್ರೋಫ್ಯಾರಡ್ ತೆಗೆದುಕೊಂಡರೆ ಉತ್ತರ ಸುಮಾರು 0.99, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ. ಇದನ್ನು ಸಾಫ್ಟ್‌ವೇರ್ ತೆರೆಯುವ ಮೊದಲು ಕಾಗದದ ಮೇಲೆ ಮಾಡಬೇಕು. ಉತ್ತರ ಎಷ್ಟಿರಬೇಕು ಎಂದು ಮೊದಲೇ ಗೊತ್ತಿಲ್ಲದವನಿಗೆ ಪರದೆ ತೋರಿಸಿದ್ದೆಲ್ಲ ಸರಿಯಾಗಿಯೇ ಕಾಣುತ್ತದೆ.

*ಎರಡನೆಯದು ನಕ್ಷೆ.* ಕೀಕ್ಯಾಡ್‌ನಲ್ಲಿ ಐಸಿ, ರೆಸಿಸ್ಟರ್, ಕೆಪಾಸಿಟರ್, ಎಲ್‌ಇಡಿಗಳ ಚಿಹ್ನೆಗಳನ್ನು ತಂದಿಟ್ಟು ಗೆರೆಗಳಿಂದ ಜೋಡಿಸಬೇಕು. ಇದಕ್ಕೆ ಸ್ಕೀಮ್ಯಾಟಿಕ್ ಎನ್ನುತ್ತಾರೆ. ಯಾವುದು ಯಾವುದಕ್ಕೆ ಸೇರಬೇಕು ಎಂಬುದಷ್ಟೇ ಇಲ್ಲಿ ಮುಖ್ಯ, ಜಾಗದ ಅಳತೆಯ ಚಿಂತೆಯಿಲ್ಲ.

*ಮೂರನೆಯದು ನಕ್ಷೆಯ ತಪಾಸಣೆ.* ಒಂದು ಗುಂಡಿ ಒತ್ತಿದರೆ ಸಾಫ್ಟ್‌ವೇರ್ ನಕ್ಷೆಯನ್ನು ಓದಿ ತಪ್ಪು ಹೇಳುತ್ತದೆ. ಐಸಿಯ ನಾಲ್ಕನೇ ಕಾಲು ರೀಸೆಟ್. ಅದನ್ನು ಬ್ಯಾಟರಿಯ ಪ್ಲಸ್‌ಗೆ ಸೇರಿಸಲು ಮರೆತಿದ್ದರೆ, “ಈ ಕಾಲು ಎಲ್ಲಿಗೂ ಸೇರಿಲ್ಲ” ಎಂದು ಅಲ್ಲೇ ಬಾಣದ ಗುರುತು ಹಾಕುತ್ತದೆ.

*ನಾಲ್ಕನೆಯದು ಓಡಿಸಿ ನೋಡುವುದು.* ಕೀಕ್ಯಾಡ್ ಒಳಗೇ ಸ್ಪೈಸ್‌ನ ಒಂದು ರೂಪ ಸೇರಿಕೊಂಡಿದೆ. ಒಂದು ಬಿಡಿಭಾಗವನ್ನೂ ಕೊಳ್ಳದೆ ಸರ್ಕ್ಯೂಟನ್ನು ಇಲ್ಲಿ ನಡೆಸಿ ನೋಡಬಹುದು. ವಿದ್ಯಾರ್ಥಿನಿ 10 ಮೈಕ್ರೋಫ್ಯಾರಡ್ ಎಂದು ಬರೆಯುವ ಬದಲು 10 ನ್ಯಾನೋಫ್ಯಾರಡ್ ಎಂದು ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಹಿಂದಿನ ತಪಾಸಣೆ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಗೆರೆಗಳೆಲ್ಲ ಸರಿಯಾಗಿವೆ. ಓಡಿಸಿ ನೋಡಿದರೆ ಅಲೆ ಸೆಕೆಂಡಿಗೆ ಸಾವಿರ ಸಲದ ಹತ್ತಿರ ಏರಿಳಿಯುವುದು ಕಾಣುತ್ತದೆ. ಆ ವೇಗದಲ್ಲಿ ಮಿನುಗುವ ದೀಪ ಕಣ್ಣಿಗೆ ಒಂದೇ ಸಮನೆ ಉರಿಯುತ್ತಿರುವಂತೆ ತೋರುತ್ತದೆ. ಬೋರ್ಡು ಮಾಡಿಸಿದ ಮೇಲೆ ಇದು ಗೊತ್ತಾಗಿದ್ದರೆ “ದೀಪ ಯಾಕೆ ಮಿನುಗುತ್ತಿಲ್ಲ” ಎಂದು ಇಡೀ ದಿನ ಹುಡುಕಬೇಕಾಗುತ್ತಿತ್ತು.

ಸಂದರ್ಶನದ ಆ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ಎಲ್‌ಇಡಿಯ ಜೊತೆ 470 ಓಮ್ ರೆಸಿಸ್ಟರ್ ಇದ್ದಾಗ ಹರಿಯುವ ಕರೆಂಟ್ ಸುಮಾರು 12 ಮಿಲಿಆಂಪಿಯರ್. ಅದನ್ನು ತೆಗೆದುಹಾಕಿ ಓಡಿಸಿದರೆ ಕರೆಂಟ್ ಎಲ್‌ಇಡಿ ತಾಳಲಾರದಷ್ಟು ಏರುತ್ತದೆ. ಒಮ್ಮೆ ಕಣ್ಣಾರೆ ನೋಡಿದವಳಿಗೆ ಉತ್ತರ ಬಾಯಿಪಾಠ ಮಾಡುವ ಅಗತ್ಯವಿಲ್ಲ.

*ಐದನೆಯದು ಬೋರ್ಡಿನ ವಿನ್ಯಾಸ.* ಈಗ ಅಳತೆಯ ಲೋಕ. ಪ್ರತಿ ಬಿಡಿಭಾಗಕ್ಕೂ ಬೋರ್ಡಿನ ಮೇಲೆ ಒಂದು ‘ಫುಟ್‌ಪ್ರಿಂಟ್’ ಇರುತ್ತದೆ. ಅದರ ಕಾಲುಗಳು ಊರುವ ಜಾಗದ ಗುರುತು ಅದು. 555ರ ಅಕ್ಕಪಕ್ಕದ ಕಾಲುಗಳ ನಡುವಿನ ಅಂತರ 2.54 ಮಿಲಿಮೀಟರ್. ಭಾಗಗಳನ್ನು ಹತ್ತಿರ ಹತ್ತಿರ ಕೂರಿಸಿ, ಒಂದು ಗೆರೆ ಇನ್ನೊಂದನ್ನು ದಾಟದಂತೆ ಟ್ರ್ಯಾಕ್ ಎಳೆಯಬೇಕು. ದಾಟಲೇಬೇಕಾದರೆ ಬೋರ್ಡಿನ ಹಿಂಬದಿಗೆ ತೂತಿನ ಮೂಲಕ ಇಳಿಯಬೇಕು. ಹೆಚ್ಚು ಕರೆಂಟ್ ಹರಿಯುವ ದಾರಿ ಅಗಲವಾಗಿರಬೇಕು, ತೆಳುವಾದರೆ ಬಿಸಿಯಾಗುತ್ತದೆ. ಮಕ್ಕಳಿಗೆ ಇದು ಒಗಟು ಬಿಡಿಸಿದಂತೆ. ಗಂಟೆಗಟ್ಟಲೆ ಕೂತುಬಿಡುತ್ತಾರೆ.

*ಆರನೆಯದು ಇನ್ನೊಂದು ತಪಾಸಣೆ.* ಎರಡು ಗೆರೆಗಳು ತೀರಾ ಹತ್ತಿರ ಬಂದಿವೆಯೇ, ಯಾವುದಾದರೂ ಜೋಡಣೆ ಉಳಿದುಹೋಗಿದೆಯೇ, ತೂತು ಅಂಚಿಗೆ ತಾಗಿದೆಯೇ ಎಂದು ಸಾಫ್ಟ್‌ವೇರ್ ನೋಡುತ್ತದೆ. ಆಮೇಲೆ ಬೋರ್ಡನ್ನು ಮೂರು ಆಯಾಮದ ಚಿತ್ರವಾಗಿ ತಿರುಗಿಸಿ ತಿರುಗಿಸಿ ನೋಡಬಹುದು.

*ಏಳನೆಯದು ಕಾರ್ಖಾನೆಯ ಕಡತ.* ಪ್ರತಿ ಪದರಕ್ಕೂ ಒಂದೊಂದು ಕಡತ ಸಿದ್ಧವಾಗುತ್ತದೆ. ಇದಕ್ಕೆ ‘ಗರ್ಬರ್’ ಕಡತ ಎನ್ನುತ್ತಾರೆ. ತೂತುಗಳ ಪಟ್ಟಿ ಬೇರೆ. ಇವುಗಳನ್ನು ಒಂದು ಕಟ್ಟು ಮಾಡಿ ಕಳುಹಿಸಿದರೆ ವಿದ್ಯಾರ್ಥಿಯ ಭಾಷೆ ಕಾರ್ಖಾನೆಯ ಯಂತ್ರಕ್ಕೆ ಅರ್ಥವಾಗುತ್ತದೆ.

ಸಾಫ್ಟ್‌ವೇರ್ ಹಿಡಿಯಲಾಗದ ತಪ್ಪು

ಎಲ್ಲ ತಪಾಸಣೆಯೂ ಮುಗಿಯಿತು, ಒಂದು ತಪ್ಪೂ ಇಲ್ಲ ಎಂದು ಪರದೆ ಹೇಳಿತು. ಹಾಗಾದರೆ ಬೋರ್ಡು ಖಂಡಿತ ಕೆಲಸ ಮಾಡುತ್ತದೆಯೇ? ಇಲ್ಲ. ಕಲಿಕೆಯ ನಿಜವಾದ ತಿರುಳು ಇರುವುದು ಇಲ್ಲೇ.

ಮೇಲಿನ ಸರ್ಕ್ಯೂಟಿಗೆ ಒಂದು ಬಜರ್ ಸೇರಿಸಬೇಕೆಂದು ವಿದ್ಯಾರ್ಥಿ ಬಿಸಿ547 ಎಂಬ ಟ್ರಾನ್ಸಿಸ್ಟರ್ ಹಾಕಿ ಬೋರ್ಡು ವಿನ್ಯಾಸ ಮಾಡಿದ. ಅಂಗಡಿಯಲ್ಲಿ ಅದು ಮುಗಿದಿತ್ತು. “ಇದೂ ಅದೇ ಕೆಲಸ ಮಾಡುತ್ತದೆ” ಎಂದು 2ಎನ್3904 ಕೊಟ್ಟರು. ಎರಡೂ ನೋಡಲು ಒಂದೇ ಥರ, ಮೂರು ಕಾಲು, ಕಪ್ಪು ಬಣ್ಣ. ಆದರೆ ಚಪ್ಪಟೆ ಮುಖ ನಮ್ಮ ಕಡೆ ಇಟ್ಟು ಕಾಲುಗಳನ್ನು ಕೆಳಗೆ ಮಾಡಿ ಹಿಡಿದರೆ ಬಿಸಿ547ರಲ್ಲಿ ಎಡದಿಂದ ಬರುವುದು ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಬೋರ್ಡಿನಲ್ಲಿ ಕೂರಿಸಿದಾಗ ಅದು ತಿರುಗುಮುರುಗು. ಬಜರ್ ಸರಿಯಾಗಿ ಕೂಗುವುದಿಲ್ಲ. ಸಾಫ್ಟ್‌ವೇರಿಗೆ ಈ ಅಂಗಡಿಯ ಕಥೆ ಗೊತ್ತಿಲ್ಲ.

ಇನ್ನೊಂದು ತಪ್ಪು, ಮನೆಯಲ್ಲೇ ಬೋರ್ಡು ಮಾಡುವವರದು. ಲೇಸರ್ ಪ್ರಿಂಟಿನ ಶಾಯಿಯನ್ನು ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ತಾಮ್ರಕ್ಕೆ ಅಂಟಿಸುವಾಗ ಚಿತ್ರ ಕನ್ನಡಿಯ ಬಿಂಬದಂತೆ ತಿರುಗುತ್ತದೆ. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಐಸಿಯ ಒಂದನೇ ಕಾಲಿನ ಜಾಗದಲ್ಲಿ ಎಂಟನೆಯದು ಬರುತ್ತದೆ.

ಸಾಫ್ಟ್‌ವೇರ್ ಹಿಡಿಯುವುದು ನಿಯಮದ ತಪ್ಪುಗಳನ್ನು. ವಸ್ತುವಿನ ಸ್ವಭಾವ, ಕೊಳ್ಳುವಾಗಿನ ಎಚ್ಚರ, ಕೈಯ ಕೆಲಸದ ಶುದ್ಧಿ ಇವು ಬೋರ್ಡು ಕೈಗೆ ಬಂದ ಮೇಲೆಯೇ ಗೊತ್ತಾಗುವ ಸಂಗತಿಗಳು. ಆದ್ದರಿಂದ ಪರದೆಯ ಮೇಲೆ ಓಡಿಸಿ ತೋರಿಸಿ ಅಂಕ ಕೊಟ್ಟು ಮುಗಿಸುವ ಪಾಠ ಅರ್ಧ ಪಾಠ. ಮೊದಲ ಬೋರ್ಡು ಕೆಲಸ ಮಾಡದಿದ್ದರೆ ಮಗುವನ್ನು ಗದರಬೇಡಿ. ಮೀಟರ್ ಹಿಡಿದು ತಪ್ಪನ್ನು ಹುಡುಕಿದ ಆ ಸಂಜೆ ಅವನು ಕಲಿತದ್ದು ಒಂದು ಸೆಮಿಸ್ಟರಿನ ಪುಸ್ತಕಕ್ಕಿಂತ ಹೆಚ್ಚು.

ಕಾರ್ಖಾನೆಯಲ್ಲಿ ಏನು ನಡೆಯುತ್ತದೆ?

ಕಡತ ತಲುಪಿದ ಮೇಲೆ ದೊಡ್ಡ ತಾಮ್ರದ ಹಾಳೆಗೆ ಕಂಪ್ಯೂಟರ್ ನಡೆಸುವ ಯಂತ್ರ ತೂತು ಕೊರೆಯುತ್ತದೆ. ತೂತಿನ ಒಳಗೋಡೆಗೂ ತಾಮ್ರ ಲೇಪಿಸುತ್ತಾರೆ. ಮೇಲಿನ ಪದರ ಕೆಳಗಿನ ಪದರಕ್ಕೆ ಸೇರುವುದು ಇದರಿಂದಲೇ. ಬೆಳಕಿಗೆ ಗಟ್ಟಿಯಾಗುವ ಫಿಲಂ ಹಚ್ಚಿ ನೇರಳಾತೀತ ಬೆಳಕಿನಲ್ಲಿ ವಿನ್ಯಾಸವನ್ನು ಮೂಡಿಸಿ, ಬೇಡವಾದ ತಾಮ್ರವನ್ನು ಕರಗಿಸುತ್ತಾರೆ. ಆಮೇಲೆ ಬರುವುದು ನಮಗೆ ಪರಿಚಿತವಾದ ಹಸಿರು ಲೇಪ. ಬೆಸುಗೆ ಎಲ್ಲೆಂದರಲ್ಲಿ ಹರಡದಂತೆ ಅದು ಕಾಯುತ್ತದೆ. ಬೆಸುಗೆ ಹಾಕುವ ಜಾಗಗಳಿಗೆ ತವರದಂಥ ಲೇಪ, ಅದರ ಮೇಲೆ ಬಿಳಿಯ ಅಕ್ಷರಗಳು. ಕೊನೆಗೆ ಸೂಜಿಯಂಥ ಮೊನೆಗಳಿಂದ ಪ್ರತಿ ಜೋಡಣೆಯನ್ನೂ ಮುಟ್ಟಿ ಪರೀಕ್ಷಿಸುತ್ತಾರೆ.

ಈ ಉದ್ಯಮ ನಮ್ಮಿಂದ ದೂರದಲ್ಲೇನೂ ಇಲ್ಲ. ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಪಿಸಿಬಿ ಕಾರ್ಖಾನೆ ಮೈಸೂರಿನ ಬಳಿ ನಂಜನಗೂಡಿನಲ್ಲಿದೆ. ಬೆಂಗಳೂರಿನಲ್ಲೂ ಬೋರ್ಡು ಮಾಡಿಕೊಡುವ ಘಟಕಗಳಿವೆ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಐಟಿಐ, ಡಿಪ್ಲೊಮಾ ಓದಿದ ಮಕ್ಕಳಿಗೆ ಮೊಬೈಲ್ ರಿಪೇರಿಯೊಂದೇ ದಾರಿಯಲ್ಲ. ಬೋರ್ಡು ವಿನ್ಯಾಸ, ಪರೀಕ್ಷೆ, ತಯಾರಿಕೆ ಎಂಬ ಬೇರೆ ಬೇರೆ ಕೆಲಸಗಳಿವೆ. ರಿಪೇರಿ ಮಾಡುವವನಿಗೂ ಬೋರ್ಡಿನ ನಕ್ಷೆ ಓದಲು ಬಂದರೆ ಅವನ ಕೈಗೆ ಬೆಲೆ ಹೆಚ್ಚು. ವಿನ್ಯಾಸದ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡಲು ಸಾಧ್ಯವಿರುವುದರಿಂದ ಓದಿದ ಹೆಣ್ಣುಮಕ್ಕಳಿಗೂ ಇದೊಂದು ಒಳ್ಳೆಯ ಅವಕಾಶ.

ಒಂದು ತರಗತಿ ಲೋಕವನ್ನು ಬದಲಿಸಿದ ಬಗೆ

ಮಾಡಿಸಿ ಕೈಗೆ ಕೊಡುವುದರಿಂದ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ಬೋರ್ಡಿಗಿಂತಲೂ ಸೂಕ್ಷ್ಮವಾದ ಚಿಪ್ಪಿನ ಚರಿತ್ರೆಯಲ್ಲಿದೆ. 1970ರ ದಶಕದಲ್ಲಿ ಚಿಪ್ ವಿನ್ಯಾಸ ದೊಡ್ಡ ಕಂಪನಿಗಳ ಒಳಗಿನ ಗುಟ್ಟಾಗಿತ್ತು. ಕಾಲೇಜಿನ ಹುಡುಗರು ಚಿಪ್ ಮಾಡುವುದು ಕನಸಿನ ಮಾತು. ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ ಆ ವಿನ್ಯಾಸದ ನಿಯಮಗಳನ್ನು ವಿದ್ಯಾರ್ಥಿಗಳಿಗೂ ಅರ್ಥವಾಗುವಷ್ಟು ಸರಳಗೊಳಿಸಿದರು.

1978ರಲ್ಲಿ ಕಾನ್ವೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಪಾಠ ನಡೆಸಿದರು. ಮೊದಲರ್ಧ ವಿನ್ಯಾಸದ ಕಲಿಕೆ, ಉಳಿದರ್ಧ ಪ್ರತಿ ವಿದ್ಯಾರ್ಥಿಯ ಸ್ವಂತ ಚಿಪ್. ವಿನ್ಯಾಸಗಳು ಅಂದಿನ ಕಂಪ್ಯೂಟರ್ ಜಾಲದ ಮೂಲಕ ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾಕ್ಕೆ ಹೋದವು. ಅಲ್ಲಿ ಎಲ್ಲರ ವಿನ್ಯಾಸಗಳನ್ನೂ ಒಟ್ಟಿಗೆ ಜೋಡಿಸಿ ತಯಾರಿಸಿದರು. ಕೆಲವೇ ವಾರಗಳಲ್ಲಿ ಚಿಪ್‌ಗಳು ವಿದ್ಯಾರ್ಥಿಗಳ ಕೈಗೆ ಬಂದವು.

ಮರುವರ್ಷ 1979ರಲ್ಲಿ ಇದೇ ಪ್ರಯೋಗ 12 ವಿಶ್ವವಿದ್ಯಾಲಯಗಳಿಗೆ ಹಬ್ಬಿತು. 124 ಮಂದಿ ಸೇರಿ ಮಾಡಿದ 82 ವಿನ್ಯಾಸಗಳು ಒಟ್ಟಾಗಿ ತಯಾರಿಕೆಗೆ ಹೋದವು. ಕೊನೆಯ ದಿನಾಂಕದಿಂದ 29 ದಿನಗಳಲ್ಲಿ ಚಿಪ್‌ಗಳು ಸಿದ್ಧವಾದವು. 1981ರಿಂದ ಮೋಸಿಸ್ ಎಂಬ ಸೇವೆ ಈ ವ್ಯವಸ್ಥೆಯನ್ನು ಕಾಯಂಗೊಳಿಸಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ತಾನು ಬರೆದದ್ದು ನಿಜವಾಗಿಯೂ ತಯಾರಾಗುತ್ತದೆ ಎಂದು ಗೊತ್ತಾದಾಗ ವಿದ್ಯಾರ್ಥಿಯ ಓದೇ ಬೇರೆಯಾಗುತ್ತದೆ. ಪರೀಕ್ಷಕರನ್ನು ಮೆಚ್ಚಿಸುವ ಬದಲು ಸರಿಯಾಗಿ ಮಾಡುವ ಹಂಬಲ ಹುಟ್ಟುತ್ತದೆ. ಎರಡು, ಒಬ್ಬೊಬ್ಬರೇ ಭರಿಸಲಾಗದ ಖರ್ಚನ್ನು ಹಲವರು ಹಂಚಿಕೊಂಡರೆ ಹಗುರ.

ನಮ್ಮ ದೇಶದಲ್ಲೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಕೇಂದ್ರ ಸರ್ಕಾರದ ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆಯ ಗುರಿ ಐದು ವರ್ಷಗಳಲ್ಲಿ 85 ಸಾವಿರ ಮಂದಿಗೆ ಚಿಪ್ ವಿನ್ಯಾಸದ ತರಬೇತಿ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ‘ಚಿಪ್-ಇನ್’ ಕೇಂದ್ರ ಕಾಲೇಜುಗಳಿಗೆ ದುಬಾರಿ ವಿನ್ಯಾಸ ಸಾಫ್ಟ್‌ವೇರ್‌ಗಳನ್ನು ದೂರದಿಂದಲೇ ಬಳಸಲು ಕೊಡುತ್ತದೆ. ವಿದ್ಯಾರ್ಥಿಗಳು ವಿನ್ಯಾಸ ಮಾಡಿದ ಚಿಪ್‌ಗಳು ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ ತಯಾರಾಗುತ್ತಿವೆ. ಮಕ್ಕಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವಾಗ “ನಿಮ್ಮ ಕಾಲೇಜು ಈ ಯೋಜನೆಯಲ್ಲಿದೆಯೇ?” ಎಂದು ಕೇಳುವುದು ಹೆತ್ತವರ ಹಕ್ಕು.

ಇನ್ನು ಐಐಟಿ ಬಾಂಬೆ ‘ಇ-ಸಿಮ್’ ಎಂಬ ಉಚಿತ ಸಾಫ್ಟ್‌ವೇರ್ ರೂಪಿಸಿದೆ. ಕೀಕ್ಯಾಡ್ ಮತ್ತು ಸ್ಪೈಸ್ ಎರಡನ್ನೂ ಅದು ಒಟ್ಟುಗೂಡಿಸುತ್ತದೆ. ಅದೇ ಸಂಸ್ಥೆಯಲ್ಲಿ ಆರಂಭವಾದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಹಲವು ಉಚಿತ ಸಾಫ್ಟ್‌ವೇರ್‌ಗಳ ಪಾಠಗಳು ಕನ್ನಡದಲ್ಲೂ ಇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದದ ಮಕ್ಕಳು ಹಿಂಜರಿಯಬೇಕಾಗಿಲ್ಲ.

ನಾವೇನು ಮಾಡಬಹುದು?

ಹೆತ್ತವರು ಮಾಡಬೇಕಾದ ಮೊದಲ ಕೆಲಸ ಪ್ರಶ್ನೆ ಕೇಳುವುದು. “ಪ್ರಾಜೆಕ್ಟಿಗೆ ದುಡ್ಡು ಬೇಕು” ಎಂದಾಗ “ಯಾವ ಸರ್ಕ್ಯೂಟ್? ನಕ್ಷೆ ತೋರಿಸು” ಎನ್ನಿ. ನಿಮಗೆ ಎಲೆಕ್ಟ್ರಾನಿಕ್ಸ್ ಬರಬೇಕೆಂದಿಲ್ಲ. ಮಗ ಅದನ್ನು ತಾಯಿಗೆ ಮನೆಮಾತಿನಲ್ಲಿ ವಿವರಿಸಬಲ್ಲನಾದರೆ ಅವನಿಗೆ ಅರ್ಥವಾಗಿದೆ ಎಂದರ್ಥ. ಸಿದ್ಧ ಪ್ರಾಜೆಕ್ಟಿಗೆ ಕೊಡುವ ಹಣದಲ್ಲಿ ಬೆಸುಗೆ ಕಡ್ಡಿ, ಮೀಟರ್, ಬಿಡಿಭಾಗ ತೆಗೆಸಿಕೊಡಿ. ಅವು ಪ್ರಾಜೆಕ್ಟ್ ಮುಗಿದ ಮೇಲೂ ಮನೆಯಲ್ಲಿ ಉಳಿಯುತ್ತವೆ. ಇನ್ನೊಬ್ಬರು ಮಾಡಿದ್ದರ ಮೇಲೆ ತನ್ನ ಹೆಸರು ಬರೆಯುವುದು ಸುಳ್ಳು ಎಂಬುದನ್ನು ಮಕ್ಕಳಿಗೆ ಹೇಳಬೇಕಾದವರೂ ನಾವೇ. ಅದಕ್ಕೆ ದುಡ್ಡು ಕೊಟ್ಟು ಮತ್ತೆ ಪ್ರಾಮಾಣಿಕತೆಯ ಬೋಧನೆ ಮಾಡಿದರೆ ಮಕ್ಕಳು ನಂಬುವುದಿಲ್ಲ.

ಶಿಕ್ಷಕರು ಕೊನೆಯ ಸೆಮಿಸ್ಟರಿನವರೆಗೆ ಕಾಯದೆ ಮೊದಲ ವರ್ಷದಲ್ಲೇ ಒಂದು ಪುಟ್ಟ ಬೋರ್ಡು ಮಾಡಿಸಲಿ. ಹತ್ತು ಮಕ್ಕಳ ಹತ್ತು ವಿನ್ಯಾಸಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಕಳುಹಿಸಿದರೆ ತಲಾ ಖರ್ಚು ಇಳಿಯುತ್ತದೆ. ಹೀಗೆ ಜೋಡಿಸಿದ್ದನ್ನು ಮಾಡಿಕೊಡುತ್ತೀರಾ ಎಂದು ತಯಾರಕರನ್ನು ಮೊದಲೇ ಕೇಳಿಕೊಳ್ಳಿ. ಕಾನ್ವೇ ಅವರ ತರಗತಿ ಮಾಡಿದ್ದೂ ಇದನ್ನೇ. ಅಂಕ ಕೊಡುವಾಗ ಬೋರ್ಡು ಉರಿಯಿತೇ ಎಂದಷ್ಟೇ ನೋಡದೆ, ತಪ್ಪನ್ನು ಹೇಗೆ ಕಂಡುಹಿಡಿದ ಎಂದು ಬರೆಸಿ ಅದಕ್ಕೂ ಅಂಕ ಕೊಡಲಿ.

ವಿದ್ಯಾರ್ಥಿವೇತನ ಹಂಚುವ ಜಮಾಅತ್‌ಗಳು, ಸಂಘಗಳು ರಜಾದಿನಗಳಲ್ಲಿ ಒಂದು ಕೋಣೆ, ಎರಡು ಮೂರು ಹಳೆಯ ಕಂಪ್ಯೂಟರ್, ಒಂದು ಬೆಸುಗೆ ಮೇಜು ಒದಗಿಸಿದರೂ ಸಾಕು. ಊರಿನಲ್ಲಿ ಅನುಭವಿ ಟೆಕ್ನಿಷಿಯನ್ ಒಬ್ಬರು ಇದ್ದೇ ಇರುತ್ತಾರೆ. ಗಲ್ಫ್‌ನಲ್ಲಿ ದುಡಿದು ಮರಳಿದವರಲ್ಲೂ ಇಂಥ ಕೈಗಳಿವೆ. ವಾರಕ್ಕೆ ಎರಡು ಗಂಟೆ ಅವರು ಮಕ್ಕಳ ಜೊತೆ ಕೂತರೆ ದೊಡ್ಡ ಉಪಕಾರ.

ಎಚ್ಚರಿಕೆಯ ಮಾತುಗಳೂ ಇವೆ. ಕಲಿಯುವವರು ಬ್ಯಾಟರಿಯಲ್ಲೇ ಆರಂಭಿಸಲಿ, ಮನೆಯ 230 ವೋಲ್ಟ್ ಕರೆಂಟಿನ ಹತ್ತಿರ ಹೋಗಬಾರದು. ಬೆಸುಗೆ ಕಡ್ಡಿಯ ತುದಿ 350 ಡಿಗ್ರಿಯವರೆಗೂ ಕಾದಿರುತ್ತದೆ. ಕಿಟಕಿ ತೆರೆದಿಟ್ಟು, ಹೊಗೆ ಮುಖಕ್ಕೆ ಬಾರದಂತೆ ಕೂರಬೇಕು. ಬೆಸುಗೆಯ ತಂತಿಯಲ್ಲಿ ಸೀಸ ಇರುವುದುಂಟು, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಮನೆಯಲ್ಲೇ ಬೋರ್ಡು ಮಾಡುವುದಾದರೆ ಫೆರಿಕ್ ಕ್ಲೋರೈಡ್ ಚರ್ಮಕ್ಕೂ ಕಣ್ಣಿಗೂ ತಾಗದಂತೆ ಕೈಗವಸು, ಕನ್ನಡಕ ಬೇಕು. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ಅದನ್ನು ಚರಂಡಿಗೂ ಬಾವಿಯ ಬಳಿಯೂ ಸುರಿಯಬಾರದು.

ಮುಂದಿನ ಸಲ ನಿಮ್ಮ ಮಗಳು ಅಂಗೈ ಅಗಲದ ಹಸಿರು ಹಲಗೆಯೊಂದನ್ನು ತಂದು ತೋರಿಸಿ, “ಇದರಲ್ಲಿ ಒಂದು ತಪ್ಪಿತ್ತು, ನಾನೇ ಹುಡುಕಿದೆ” ಎಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಐದು ನಿಮಿಷ ಕೇಳಿ. ಅದರ ಮೇಲೆ ಮಿನುಗುವ ದೀಪ ತೀರಾ ಸಣ್ಣದು. ಆದರೆ ಅದು ಅವಳದೇ ದೀಪ, ಅದರ ಒಂದೊಂದು ಗೆರೆಯೂ ಯಾಕೆ ಅಲ್ಲಿದೆ ಎಂದು ಅವಳಿಗೆ ಗೊತ್ತು.